ಆಕಾಶದಂಚಿನ ಬಸ್ಸಿಗೆ ಹತ್ತನೇ ಸ್ಥಾನ

ಬಲ್ಬು ಹತ್ತಲಿಲ್ಲ.

ಬಳೆ ಅಂಗಡಿಯ ಸುಲೋಚನಕ್ಕ ಸ್ಟೂಲಿನ ಮೇಲೆ ನಿಂತುಕೊಂಡೇ ಕತ್ತೆತ್ತಿ ನೋಡಿದಳು. ಟಾಕೀಸಿನ ಪರದೆಯ ನೆತ್ತಿಗೆ ಸಿಕ್ಕಿಸಿದ್ದ ಬಲ್ಬು ಬೋಳು ಗಾಜಾಗಿಯೇ ಇತ್ತು. ಯಾರೋ ತನ್ನ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲವೇನೋ ಎನ್ನುವಂತೆ ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಇನ್ನಷ್ಟು ಜೋರಾಗಿ ಮೊದಲಿನಿಂದ ಶುರು ಮಾಡಿದಳು.

"ನನ್ನ ಮಗಳ ಬಾಣಂತನದಲ್ಲಿ ಈ ಕಂಡಕ್ಟ್ರು ದಿನಾ ಬಂದು ಮಗೂನ ಎತ್ಕೊಂಡು ಕೂತ್ಕೊಳ್ಳೋರು. ಎಷ್ಟು ಹಗುರ ಕೈ ಅಂತೀರಿ! ಮಗು ಅಳ್ತಾನೇ ಇರ್ಲಿಲ್ಲ. ಇಂಥವ್ರು ಇರೋ ಸಿನಿಮಾ ಹತ್ತರಲ್ಲಿ ಇರ್ಬೇಕೋ ಬೇಡ್ವೋ, ನೀವೇ ಹೇಳಿ."

ಬಲ್ಬು ಹತ್ತಲಿಲ್ಲ. ಬಾಲ್ಕನಿಯಿಂದ ಶಿಳ್ಳೆ ಬಂತು. "ಅಕ್ಕಾ, ಸಿನಿಮಾ ಬಗ್ಗೆ ಹೇಳಕ್ಕಾ! ತೊಟ್ಟಿಲ ಬಗ್ಗೆ ಅಲ್ಲ!"

ಹಾಲಿನ ತುಂಬ ನಗು. ನರಿ ಸಂಘದ ಹುಡುಗರು, ಎದುರಾಳಿ ಚಿತ್ರದ ಅಭಿಮಾನಿಗಳು, ನೆಲಕ್ಕೆ ಕಾಲು ಬಡಿದರು. ಸುಲೋಚನಕ್ಕ ಸ್ಟೂಲಿನಿಂದ ಇಳಿಯುವಾಗ ಕಾಲು ತಡವರಿಸಿತು. ಅವಳಿಗಿಂತ ಮೊದಲು ಕಟಿಂಗ್ ಶಾಪಿನ ನಂಜುಂಡ ಮಾತಾಡಿದ್ದ, ಅವನಿಗಿಂತ ಮೊದಲು ಕಾಯಿಪಲ್ಲೆಯ ಇಡೀ ಸಾಲು ಮಾತಾಡಿತ್ತು. ಒಬ್ಬರಿಗೂ ಹತ್ತಿರಲಿಲ್ಲ. ಬಲ್ಬು ಹತ್ತಿದರೆ ಅದು ಅಭಿಪ್ರಾಯ. ಹತ್ತದಿದ್ದರೆ ಬರೀ ಮಾತು. ನಮ್ಮ ಊರಿನಲ್ಲಿ ಇದಕ್ಕೆ ಯಾರೂ ತಕರಾರು ತೆಗೆದದ್ದಿಲ್ಲ.

ಅವಳು ಹೇಳಿದ ಕಂಡಕ್ಟ್ರು, ನನ್ನ ಚಿಕ್ಕಪ್ಪ, ನನ್ನ ಪಕ್ಕದಲ್ಲೇ ಕೂತಿದ್ದರು. ಟಾಕೀಸಿನ ಮಡಚುವ ಕುರ್ಚಿಗೆ ಅವರ ಭಾರ ಸಾಲುತ್ತಿರಲಿಲ್ಲ. ಬಿಟ್ಟರೆ ಅದು ಅವರನ್ನೂ ಸೇರಿಸಿ ಮಡಚಿಕೊಳ್ಳುತ್ತಿತ್ತು. ಹಾಗಾಗಿ ನಾನು ಒಂದು ಕೈಯಿಂದ ಅದರ ತುದಿಯನ್ನು ಅದುಮಿ ಹಿಡಿದಿದ್ದೆ. ಅವರು ತಮ್ಮ ನಾಲ್ಕು ಬೆರಳಿನ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು, ಮಾತಾಡಿದ ಪ್ರತಿಯೊಬ್ಬರಿಗೂ ಕೂತಲ್ಲಿಂದಲೇ ತಲೆಬಾಗುತ್ತಿದ್ದರು. ಆ ಕಡೆಯ ಕುರ್ಚಿಯಲ್ಲಿ ಚಂಪಕ ಚಿಕ್ಕಮ್ಮ. ಹುಬ್ಬಿನ ಮೇಲೆ ಗಿರಣಿಯ ಹಿಟ್ಟು ಹಾಗೇ ಇತ್ತು. ಪರದೆಗೆ ಬೆನ್ನು ಹಾಕಿ, ಕುರ್ಚಿಯ ಮೇಲೆ ತಿರುಗಿ ಕೂತು, ಅವಳು ಜನರ ಮುಖಗಳನ್ನು ನೋಡುತ್ತಿದ್ದಳು.

ಆಮೇಲೆ ಇಂದುಧರ ಸ್ಟೂಲು ಹತ್ತಿದ. ಮೊಬೈಲ್ ರಿಪೇರಿ ಅಂಗಡಿಯವನು, ನರಿ ಸಂಘದ ಅಧ್ಯಕ್ಷ. ಟಾಕೀಸಿನ ಮುಂದೆ ನರಿಯ ಕಟೌಟು ನಿಲ್ಲಿಸಿ ಬೆಳಿಗ್ಗೆ ಹಾಲು ಸುರಿಸಿದ್ದವನು ಅವನೇ. ಅಂಗಿಯ ತೋಳು ಇನ್ನೂ ಹಾಲಿನ ವಾಸನೆ ಹೊಡೆಯುತ್ತಿತ್ತು. ಅವನು ಗಂಟಲು ಸರಿಮಾಡಿಕೊಂಡು ಮೆಲ್ಲಗೆ ಹೇಳಿದ. "'ಕಾಡಿಗೆ ಕಣ್ಣಿನ ನರಿ'ಯಲ್ಲಿ ಆ ನರಿ ಸುಳ್ಳು ಹೇಳೋವಾಗೆಲ್ಲ ಅದರ ನೆರಳು ಬೇರೆ ಕಡೆ ತಿರುಗ್ಕೊಳ್ಳುತ್ತೆ. ಒಂದೇ ಒಂದು ಕಡೆ, ಅಮ್ಮನ ಹತ್ರ ಸುಳ್ಳು ಹೇಳೋವಾಗ, ನೆರಳು ತಿರುಗಲ್ಲ. ನಾನು ಅದನ್ನ ಆರನೇ ಸಲ ನೋಡೋವಾಗ ಕಂಡೆ."

ಬಲ್ಬು ಜಗ್ಗನೆ ಹತ್ತಿತು. ಇಡೀ ಹಾಲು ಹಳದಿಯಾಯಿತು. ಆ ಬೆಳಕಿನಲ್ಲಿ ಚಿಕ್ಕಪ್ಪನ ಗೆರೆಗಳು ಎಷ್ಟು ತೆಳುವಾಗಿವೆ ಎಂದು ನಾನು ಮೊದಲ ಸಲ ಗಮನಿಸಿದೆ.

ಪಂಪಾಪತಿ ಮೇಷ್ಟ್ರು ಎದ್ದು ನಿಂತರು. ಅವರು ಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದವರು, ಈಗ ಶ್ರೇಷ್ಠ ಚಿತ್ರಗಳ ಸಮಿತಿಯ ಹಿರಿಯರು. "ಇವತ್ತಿಗೆ ಸಾಕು," ಎಂದರು. "ಹೊರಗಿನ ಹಲಗೆಯಲ್ಲಿ 'ಆಕಾಶದಂಚಿನ ಬಸ್ಸು' ಹತ್ತನೇದು, ನರಿ ಹನ್ನೊಂದನೇದು, ಒಂದೇ ಅಭಿಪ್ರಾಯದ ಅಂತರ. ನಾಳೆ ಕೊನೇ ದಿನ. ಪದ್ಧತಿ ಪ್ರಕಾರ ಹತ್ತನೇ ಚಿತ್ರಕ್ಕೆ ಸಂಜೆ ಒಂದು ಆಟದ ಹಕ್ಕು ಇದೆ. ಮಧ್ಯಂತರದಲ್ಲಿ ಕೊನೇ ಅಭಿಪ್ರಾಯ. ಆಮೇಲೆ ಹಲಗೆ ಮುಟ್ಟೋ ಹಾಗಿಲ್ಲ." ಹೊರಗೆ ಹೋಗುವಾಗ ಅವರು ಚಿಕ್ಕಪ್ಪನ ಭುಜ ಮುಟ್ಟಿದರು. ಕೈ ಸ್ವಲ್ಪ ಒಳಗೇ ಹೋಯಿತು. ಮೇಷ್ಟ್ರು ಬೆಚ್ಚಿ ಹಿಂದೆಗೆದುಕೊಂಡರು.

ಹತ್ತರೊಳಗಿನ ಚಿತ್ರದಿಂದ ಒಬ್ಬರು ಪರದೆ ಬಿಟ್ಟು ಕೆಳಗಿಳಿದು ನಮ್ಮ ಜೊತೆ ಇರಬಹುದು. ಬಿಡಿಸಿದ ಗೆರೆಗಳಿಂದಲೇ ಆದವರು, ಹಾಗಾಗಿ ಅವರನ್ನು ಗೆರೆಯವರು ಎನ್ನುತ್ತೇವೆ. ಚಿತ್ರ ಹನ್ನೊಂದಕ್ಕೆ ಬಿದ್ದರೆ ಅವರು ವಾಪಸು ಹೋಗಬೇಕು, ರೀಲಿನ ಡಬ್ಬಿಗೆ ಬೆಸುಗೆ ಬೀಳುತ್ತದೆ, ಆ ಚಿತ್ರವನ್ನು ಮತ್ತೆ ಯಾರೂ ಓಡಿಸುವುದಿಲ್ಲ. ಹೋಗದೆ ಉಳಿದವರ ಪಾಡನ್ನು ನಾವು ನೋಡಿದ್ದೆವು. ಸಾಮಿಲ್ಲಿನಲ್ಲಿ ಒಂದು ನೀಲಿ ಆನೆಮರಿ ಇತ್ತು; ಮಾಲೀಕರು ಪ್ರೀತಿಯಿಂದ ಅದನ್ನು ಹೊಟ್ಟಿನ ರಾಶಿಯ ಹಿಂದೆ ಬಚ್ಚಿಟ್ಟರು. ಮೊದಲು ಬಣ್ಣ ಹೋಯಿತು. ಆಮೇಲೆ ಗೆರೆ. ಕೊನೆಗೆ ಹೊಟ್ಟಿನ ಮೇಲೆ ಒಂದು ತಗ್ಗು ಮಾತ್ರ ಉಳಿಯಿತು.

ಸಾಮಾನ್ಯವಾಗಿ ಕೆಳಗಿಳಿಯುವವರು ಮೂಲೆಯವರು. ಬಾಗಿಲು ಕಾಯುವವನು, ಸಂತೆಯ ಗುಂಪಿನಲ್ಲಿ ಹಿಂದೆ ನಿಂತವಳು. ಅವರಿಲ್ಲದಿದ್ದರೂ ಚಿತ್ರ ನಡೆಯುತ್ತದೆ. ನಾಯಕರು ಇಳಿಯುವುದಿಲ್ಲ, ಇಳಿಸುವುದೂ ಇಲ್ಲ. ಚಿಕ್ಕಪ್ಪ 'ಆಕಾಶದಂಚಿನ ಬಸ್ಸು' ಚಿತ್ರದ ನಾಯಕ; ಅವರು ಇಳಿದದ್ದು ಚಿಕ್ಕಮ್ಮನ ಕೈಯಿಂದಾದ ತಪ್ಪು. ಆಗ ಅವಳ ಅಪ್ಪ, ನನ್ನ ತಾತ, ಟಾಕೀಸಿನ ಗೇಟಿನಲ್ಲಿದ್ದರು. ಬುತ್ತಿ ಕೊಡಲು ಬಂದವಳು ಕತ್ತಲಲ್ಲಿ ದಾರಿ ತಪ್ಪಿ ಪರದೆಯ ಬುಡಕ್ಕೆ ಹೋಗಿ ನಿಂತಳಂತೆ. ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತು ಯಾರೋ ಕೈ ಚಾಚಿದ್ದು ಕಂಡಿತು. "ಯಾರೋ ಬೀಳ್ತಿದಾರೆ ಅಂತ ಹಿಡ್ಕೊಂಡೆ," ಎನ್ನುತ್ತಾಳೆ, ಇವತ್ತಿಗೂ ಸ್ವಲ್ಪ ಸಿಟ್ಟಿನಿಂದ. ಆವತ್ತಿನಿಂದ ಅವಳು ಒಂದೂ ಸಿನಿಮಾ ನೋಡಿಲ್ಲ. ಕೆಲಸಕ್ಕೆ ಬಂದಿದ್ದವಳಿಗೆ ಗಂಡ ಸಿಕ್ಕಿದ, ಸಾಕು ಎನ್ನುವ ಧಾಟಿ.

ಮರುದಿನ ಬೆಳಿಗ್ಗೆ ನಾನು ಮೊದಲ ಸಲ ನಮ್ಮ ಚಿತ್ರವನ್ನು ನೋಡಿದೆ. ಆಪರೇಟರ್ ಝಕರಿಯಾ ನನಗೊಬ್ಬಳಿಗಾಗಿ ಮೊದಲ ರೀಲು ಓಡಿಸಿದ. ಚಿಕ್ಕಪ್ಪನ ಜೊತೆ ಒಂದೇ ಮನೆಯಲ್ಲಿ ಬೆಳೆದವಳಿಗೆ ಚಿಕ್ಕಪ್ಪನ ಸಿನಿಮಾ ನೋಡಬೇಕೆಂದು ಅನ್ನಿಸಿರಲೇ ಇಲ್ಲ. ಊರಿಗೂ ಅನ್ನಿಸಿರಲಿಲ್ಲ. ಪರದೆಯ ಮೇಲೆ ಕೆಂಪು ಬಸ್ಸು ಓಡುತ್ತಿತ್ತು, ಒಳಗೆ ಕಪ್ಪೆಗಳ ಮದುವೆ ದಿಬ್ಬಣ, ಮಡಿಲಿಗಿಂತ ದೊಡ್ಡ ಕುಂಬಳಕಾಯಿ ಹಿಡಿದ ಅಜ್ಜಿ. ಅವರ ನಡುವೆ ಮನುಷ್ಯನ ಆಕಾರದ ಒಂದು ಬಿಳಿ ತೂತು ಅತ್ತಿಂದಿತ್ತ ಓಡಾಡುತ್ತಿತ್ತು. ಟಿಕೇಟುಗಳು ಗಾಳಿಯಲ್ಲಿ ತಾವೇ ಹರಿದುಕೊಂಡು ಕೈಗಳಿಗೆ ಹೋಗುತ್ತಿದ್ದವು. ಅಜ್ಜಿ ಯಾರ ಜೊತೆಗೋ ಜಗಳಾಡುತ್ತಿದ್ದಳು, ತೂತಿನ ಜೊತೆ. ನೋಡಲಾಗುತ್ತಿರಲಿಲ್ಲ. ಚಿಕ್ಕಪ್ಪ ನಮ್ಮ ನಡುವೆ ಬಾಳಿದಷ್ಟೂ ಆ ಚಿತ್ರ ಸತ್ತಿತ್ತು.

ಗಿರಣಿಗೆ ಓಡಿ ಬಂದೆ. ಬೆಲ್ಟು ಜೋರಾಗಿ ಸುತ್ತುತ್ತಿತ್ತು, ಚಿಕ್ಕಮ್ಮ ಯಾರದೋ ರಾಗಿ ಸುರಿಯುತ್ತಿದ್ದಳು. ಚಿಕ್ಕಪ್ಪ ಚೀಲಗಳಿಗೆ ಹೆಸರು ಬರೆಯುತ್ತಿದ್ದರು. ಹಿಟ್ಟು ಎಲ್ಲರ ಮೇಲೂ ಕೂರುತ್ತದೆ, ಅವರ ಮೇಲೆ ಕೂರುವುದಿಲ್ಲ. ಅಷ್ಟೊಂದು ಧೂಳಿನಲ್ಲಿ ಅವರ ಖಾಕಿ ಮಾತ್ರ ಇಸ್ತ್ರಿ ಮಾಡಿದ ಹಾಗೆ ಇತ್ತು.

"ಜನ ಸುಳ್ಳು ಹೇಳ್ತಿಲ್ಲ ಚಿಕ್ಕಮ್ಮ," ಎಂದೆ. "ಅವರು ಚಿಕ್ಕಪ್ಪನ ಬಗ್ಗೆ ಹೇಳ್ತಿದಾರೆ. ಸಿನಿಮಾ ಬಗ್ಗೆ ಹೇಳೋಕೆ ಯಾರಿಗೂ ಏನೂ ಗೊತ್ತಿಲ್ಲ. ಅದರೊಳಗೆ ಬರೀ ತೂತು ಇದೆ."

ಚಿಕ್ಕಮ್ಮ ಮೋಟಾರು ನಿಲ್ಲಿಸಿದಳು. ಬೆಲ್ಟು ಸುಸ್ತಾದ ನಾಯಿಯ ಹಾಗೆ ಎಳೆದುಕೊಂಡು ನಿಂತಿತು.

"ಅದಕ್ಕೇನೀಗ?" ಎಂದಳು.

ಚಿಕ್ಕಪ್ಪ ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡರು. ಅವರು ಮಾತಾಡುವ ಮುಂಚೆ ತುಟಿಗಳು ಒಂದು ಕ್ಷಣ ಮುಂದಾಗಿಯೇ ಅಲುಗುತ್ತಿದ್ದವು. "ಸಂಜೆ ಆಟಕ್ಕೆ ನಾನು ಒಳಗೆ ಹೋಗ್ತೀನಿ ಚಂಪಾ. ಮಧ್ಯಂತರದವರೆಗೆ ಜನ ತೂತಿಲ್ಲದ ಸಿನಿಮಾ ನೋಡ್ಲಿ. ಅಭಿಪ್ರಾಯ ಹೇಳ್ಲಿ. ಕೊನೇಲಿ ಬಸ್ಸು ನಿಂತಾಗ ನೀನು ಕೈ ಕೊಡು, ಇಳೀತೀನಿ. ಮೊದಲು ಇಳಿಸಿಕೊಂಡ ಕೈಗೆ ಮಾತ್ರ ಇಳಿಸಿಕೊಳ್ಳೋಕಾಗೋದು, ಗೊತ್ತಲ್ಲ."

"ಇಳೀದೆ ಹೋದ್ರೆ?"

"ಯಾಕೆ ಇಳಿಯಲ್ಲ?"

ಸೊಪ್ಪು ಮಾರುವ ಮೂರಮ್ಮ ರಾಗಿ ಬೀಸಿಸಲು ಬಂದು ಕಾಯುತ್ತ ಕೂತಿದ್ದಳು. ಅವಳೂ ಗೆರೆಯವಳೇ. ಮೊದಲ ಸ್ಥಾನದ 'ಏಳು ಮೋಡದ ರಾಣಿ'ಯಲ್ಲಿ ಮೂರನೇ ದಾಸಿ; ಹಾಗಾಗಿ ಊರು ಅವಳಿಗೆ ಇಟ್ಟ ಹೆಸರು ಅದು. ಅವಳು ಕೂತಲ್ಲಿಂದಲೇ ಹೇಳಿದಳು. "ಹೋಗ್ಬೇಡಿ ಅಣ್ಣಾ. ನಾನೊಂದ್ಸಲ ಹಬ್ಬದ ಆಟಕ್ಕೆ ಅಂತ ಹೋಗಿದ್ದೆ. ಒಳಗೆ ಹೋದ್ಮೇಲೆ ಸೊಪ್ಪು ಅಂದ್ರೇನು ಅಂತಲೂ ಗೊತ್ತಿರ್ಲಿಲ್ಲ. ನಮ್ಮನೆಯೋರು ಕೈ ಚಾಚಿ ನಿಂತಿದ್ರೆ, ಯಾರಪ್ಪ ಈ ಬೋಳುತಲೆ ಅಂತ ನೋಡ್ತಿದ್ದೆ. ಅವರೇ ಎಳೆದು ಹಾಕಿದ್ರು, ಮಂಡಿ ತರಚಿಹೋಯ್ತು."

"ನೋಡಿದ್ರಾ!" ಎಂದಳು ಚಿಕ್ಕಮ್ಮ.

"ಎಳೆದು ಹಾಕಿದ್ರಲ್ಲ," ಎಂದರು ಚಿಕ್ಕಪ್ಪ. "ನೀನು ರಾಗಿ ಮೂಟೆ ಎಳೆಯೋಳು. ನಾನೆಷ್ಟು ಭಾರ?"

"ತಮಾಷೆ ಬೇಡ ರೀ."

"ತಮಾಷೆ ಅಲ್ಲ. ಇದು ಬಿಟ್ರೆ ನಾಳೆ ಡಬ್ಬಿಗೆ ಬೆಸುಗೆ ಹಾಕ್ತಾರೆ. ಆಗ ಕೈ ಕೊಡೋಕೂ ಆಗಲ್ಲ."

ಚಿಕ್ಕಮ್ಮ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಇದೆಲ್ಲ ಶುರುವಾದದ್ದು ನಾನು ಬಾಯಿ ಬಿಟ್ಟದ್ದರಿಂದ, ಆದರೆ ಬಾಯಿ ಮುಚ್ಚಿಕೊಂಡಿದ್ದರೆ ಏನು ಉಳಿಯುತ್ತಿತ್ತು? ಅವಳು ತಕ್ಕಡಿಯ ಹತ್ತಿರ ಹೋಗಿ ಅರ್ಧ ಕೇಜಿಯ ಕಬ್ಬಿಣದ ಕಲ್ಲು ತೆಗೆದಳು. ಆಷಾಢದ ಗಾಳಿ ಎದ್ದ ದಿನ ಅವರನ್ನು ಅಂಗಡಿಗೆ ಕಳಿಸಬೇಕಾದರೆ ಅವಳು ಅದನ್ನು ಅವರ ಜೇಬಿಗೆ ಹಾಕಿಯೇ ಕಳಿಸುತ್ತಿದ್ದಳು, ಹಾರಿಹೋಗಬಾರದೆಂದು. ಒಂದು ಸಲ ಮರೆತು, ಅವರು ನೀರಿನ ಟ್ಯಾಂಕಿನ ಮೇಲೆ ಸಿಕ್ಕಿಕೊಂಡಿದ್ದರು. ಈಗ ಗಾಳಿ ಇರಲಿಲ್ಲ. ಆದರೂ ಅವಳು ಕಲ್ಲನ್ನು ಅವರ ಎಡ ಜೇಬಿಗೆ ಹಾಕಿ, ಮೇಲೆ ಒಮ್ಮೆ ತಟ್ಟಿದಳು.

"ಇದು ಗಿರಣೀದು," ಎಂದಳು. "ವಾಪಸ್ ತರ್ಬೇಕು."

ಸಂಜೆ ಟಾಕೀಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನರಿ ಸಂಘದವರು ಪಟಾಕಿ ಸರ ತಂದಿದ್ದರು. ಹನ್ನೊಂದನೆಯದು ಹತ್ತಕ್ಕೆ ಬಂದ ಕೂಡಲೇ ಇಳಿಸಿಕೊಳ್ಳಲು, ನರಿಯ ಜೊತೆ ನಡೆಯುವ ಕುಂಟ ಹುಂಜಕ್ಕೆ ಒಂದು ಗೂಡನ್ನೂ ಮಾಡಿಸಿ ತಂದು ಬಾಗಿಲಲ್ಲಿಟ್ಟಿದ್ದರು. ದೀಪ ಆರಿತು. ಬಸ್ಸಿನ ಹೆಸರು ಬಂತು. ಚಿಕ್ಕಪ್ಪ ಎದ್ದು ಅಂಗಿ ಸರಿಮಾಡಿಕೊಂಡು ಪರದೆಯ ಬುಡಕ್ಕೆ ಹೋದರು. ತಿರುಗಿ, "ಹೋಗಿ ಬರ್ತೀನಿ," ಎಂದರು. ಅವರು ಒಂದು ಕಾಲೆತ್ತಿ ಬಿಳಿ ತೂತಿನೊಳಗೆ ಇಟ್ಟರು. ಕೈಗೆ ಗ್ಲೌಸು ಏರುವ ಹಾಗೆ ತೂತು ಅವರ ಮೇಲೆ ಏರಿಕೊಂಡಿತು.

ಚಿಕ್ಕಮ್ಮ ಕುರ್ಚಿಯಲ್ಲಿ ತಿರುಗಿ ಪರದೆಗೆ ಬೆನ್ನು ಹಾಕಿ ಕೂತಳು.

ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ. ಅದೇ ಬಸ್ಸು, ಅದೇ ಕಪ್ಪೆಗಳು. ಆದರೆ ಈಗ ಎಲ್ಲರೂ ಯಾರನ್ನೋ ನೋಡುತ್ತಿದ್ದರು, ಅವರನ್ನೂ ಯಾರೋ ನೋಡುತ್ತಿದ್ದರು. ಕಂಡಕ್ಟರ್ ಪ್ರತಿಯೊಬ್ಬರ ಹತ್ತಿರವೂ ಬಗ್ಗಿ, ಕಿವಿ ಕೊಟ್ಟು, "ಎಲ್ಲಿಗೆ?" ಎನ್ನುತ್ತಿದ್ದರು. ಕೇಳಿದವರಿಗೆ ಅದೇ ಮೊದಲ ಸಲ ತಾವು ಎಲ್ಲಿಗೆ ಹೋಗುತ್ತಿದ್ದೇವೆಂದು ಯೋಚನೆ ಬಂದ ಹಾಗೆ ಕಾಣುತ್ತಿತ್ತು. ಅಜ್ಜಿ ಕುಂಬಳಕಾಯಿಗೂ ಅರ್ಧ ಟಿಕೇಟು ಕೇಳಿದಳು. ಅವರು ನಗಲಿಲ್ಲ. ಕುಂಬಳಕಾಯಿಯ ಕಡೆ ಬಗ್ಗಿ, "ಎಲ್ಲಿಗೆ?" ಎಂದರು. ಬಸ್ಸು ಹೊಳೆಗೆ ಇಳಿಯಿತು. ನೀರೊಳಗೆ ಸದ್ದಿಲ್ಲ, ಕಿಟಕಿಯಲ್ಲಿ ಮೀನುಗಳು ಸರದಿಯಲ್ಲಿ ನಿಂತಿದ್ದವು. ಗೂಡು ಕಳೆದುಕೊಂಡ ಒಂದು ಕಾಗೆ ಹಿಂದಿನ ಸೀಟಿನಲ್ಲಿ ಕೂತಿತ್ತು. ಎಲ್ಲಿಗೆ ಎಂದರೆ ಅದಕ್ಕೆ ಗೊತ್ತಿರಲಿಲ್ಲ. ಅವರು ಬಹಳ ಹೊತ್ತು ಯೋಚಿಸಿ ಒಂದು ಟಿಕೇಟು ಹರಿದರು, ಅದರ ಮೇಲೆ ಏನೂ ಬರೆದಿರಲಿಲ್ಲ. "ನಿನಗೆ ಇಳೀಬೇಕು ಅನ್ಸಿದ ಕಡೆ ಹೇಳು, ನಿಲ್ಲಿಸ್ತೀವಿ," ಎಂದರು.

ನನಗೆ ಈ ಮನುಷ್ಯ ಗೊತ್ತಿರಲಿಲ್ಲ. ಮನೆಯಲ್ಲಿ ಚೀಲಗಳಿಗೆ ಹೆಸರು ಬರೆಯುವವರು, ಚಿಕ್ಕಮ್ಮನ ಬೈಗುಳಕ್ಕೆ ತಲೆಯಾಡಿಸುವವರು, ಇವರಲ್ಲ. ಇಲ್ಲಿ ಅವರ ಗೆರೆ ದಪ್ಪಗಿತ್ತು. ಅವರು ನಡೆದರೆ ಬಸ್ಸಿನ ನೆಲ ಅಲುಗುತ್ತಿತ್ತು. ಒಂದೇ ಒಂದು ಕಡೆ ಮಾತ್ರ ಎಲ್ಲೋ ಸರಿಯಿರಲಿಲ್ಲ: ಎಡ ಜೇಬು ಜೋತು ಬಿದ್ದಿತ್ತು. ಆಗಾಗ ಅವರ ಕೈ ಅಲ್ಲಿಗೆ ಹೋಗುತ್ತಿತ್ತು. ಏನೋ ಇದೆ ಎಂದು ಮುಟ್ಟಿ, ಏನೆಂದು ತಿಳಿಯದೆ, ಮುಂದಿನ ಸೀಟಿಗೆ ಹೋಗುತ್ತಿದ್ದರು.

ಮಧ್ಯಂತರ ಬಂದಾಗ ಯಾರೂ ಟೀಗೆ ಏಳಲಿಲ್ಲ. ಎಲ್ಲರೂ ಒಟ್ಟಿಗೆ ಸ್ಟೂಲಿನ ಕಡೆ ನುಗ್ಗಿದರು.

"ಕುಂಬಳಕಾಯಿಗೆ ಕೇಳಿದ್ರಲ್ಲ," ಎಂದಳು ಸುಲೋಚನಕ್ಕ, "ಅಲ್ಲಿ ನನಗೆ ಅಳು ಬಂತು. ಯಾಕೆ ಅಂತ ಕೇಳ್ಬೇಡಿ." ಬಲ್ಬು ಹತ್ತಿತು. ಅವಳು ಸ್ಟೂಲಿನ ಮೇಲೇ ಒಂದು ಸುತ್ತು ತಿರುಗಿಬಿಟ್ಟಳು.

"ಬೇರೆ ಸಿನಿಮಾದಲ್ಲಾದ್ರೆ ನೀರೊಳಗೆ ಒಂದು ಹಾಡು ತುರುಕಿರೋರು," ಎಂದ ನಂಜುಂಡ. "ಇಲ್ಲಿ ಸುಮ್ನಿದಾರೆ. ಸುಮ್ನಿರೋಕೆ ಧೈರ್ಯ ಬೇಕ್ರಯ್ಯ." ಹತ್ತಿತು.

ಮೂರಮ್ಮ ತನ್ನ ಚಿತ್ರಕ್ಕೇ ಎದುರಾಗಿ ಮಾತಾಡಿದಳು. "ನಮ್ಮ ರಾಣಿ ಸಿನಿಮಾ ದೊಡ್ಡದೇ. ಆದ್ರೆ ಅದು ನನ್ನನ್ನ ನೋಡು ಅನ್ನುತ್ತೆ. ಇದು ಸ್ವಲ್ಪ ಸರ್ಕೊಂಡು ಜಾಗ ಬಿಟ್ಟು, ಕೂತ್ಕೋ ಅನ್ನುತ್ತೆ." ಹತ್ತಿತು. ಬಲ್ಬು ಆರಲು ಪುರುಸೊತ್ತೇ ಇರಲಿಲ್ಲ. ಹೊರಗೆ ಹಲಗೆಯ ಮೇಲೆ ಸೀಮೆಸುಣ್ಣ ಕಿರುಗುಟ್ಟುವುದು ಕೇಳುತ್ತಿತ್ತು. ಪ್ರತಿ ಸಲವೂ ಬಾಗಿಲಲ್ಲಿದ್ದವರು ಒಳಗೆ ಕೂಗುತ್ತಿದ್ದರು. ಎಂಟು. ಐದು. ಮೂರು. ನಾನು ಚಿಕ್ಕಮ್ಮನ ಕೈ ಹಿಡಿದುಕೊಂಡೆ. ಅವಳ ಅಂಗೈಯ ಹಿಟ್ಟು ಬೆವರಿಗೆ ಅಂಟಾಗಿತ್ತು.

ಕೊನೆಗೆ ಇಂದುಧರ ಬಂದ. ಅವನ ಹುಡುಗರು ಅವನನ್ನು ಹಿಂದಕ್ಕೆ ಜಗ್ಗುತ್ತಿದ್ದರು. ಅವನು ಸ್ಟೂಲು ಹತ್ತಿದ. ಮೂಗು ಕೆಂಪಾಗಿತ್ತು. "ಆ ಕಾಗೆ," ಎಂದ. "ಅದಕ್ಕೆ ಕೊಟ್ಟ ಟಿಕೇಟು." ಇಷ್ಟೇ ಹೇಳಿದ. ಬಲ್ಬು ಎಷ್ಟು ಜೋರಾಗಿ ಹತ್ತಿತೆಂದರೆ ಠಪ್ಪೆಂದು ಸಿಡಿದು ಗಾಜಿನ ಚೂರುಗಳು ಪರದೆಯ ಬುಡಕ್ಕೆ ಬಿದ್ದವು.

"ಒಂದು!" ಎಂದು ಬಾಗಿಲಿನಿಂದ ಕೂಗಿದರು. "ಮೊದಲನೇ ಸ್ಥಾನ! 'ಆಕಾಶದಂಚಿನ ಬಸ್ಸು' ಮೊದಲನೇ ಸ್ಥಾನ!"

ನರಿಗೆಂದು ತಂದ ಪಟಾಕಿ ಬಸ್ಸಿಗೆ ಹೊಡೆಯಿತು. ಚಿಕ್ಕಮ್ಮ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ನನ್ನ ಕಡೆ ತಿರುಗಿ, "ಮುಗೀತಲ್ಲ? ಇನ್ನು ಕರ್ಕೊಂಡು ಹೋಗ್ಬಹುದಲ್ಲ?" ಎಂದಳು. ಮುಗಿಯಿತು ಎಂದೆ. ನಾನೂ ಹಾಗೆಯೇ ತಿಳಿದಿದ್ದೆ.

ಎರಡನೇ ಅರ್ಧ ಶುರುವಾಯಿತು. ಬಸ್ಸು ಮೋಡದ ಘಾಟಿ ಹತ್ತಿತು, ಒಬ್ಬೊಬ್ಬರೇ ಇಳಿದರು. ಪ್ರತಿಯೊಬ್ಬರು ಇಳಿದಾಗಲೂ ಹಾಲಿನಲ್ಲಿ ನಿಟ್ಟುಸಿರು. ಕೊನೆಯ ಸ್ಟಾಪು ಬರುವ ಹೊತ್ತಿಗೆ ಚಿಕ್ಕಮ್ಮ ಎದ್ದು, ಪರದೆಯತ್ತ ನೋಡದೆ, ತಲೆ ತಗ್ಗಿಸಿಕೊಂಡು ನಡುದಾರಿಯಲ್ಲಿ ಹೊರಟಳು. ನಾನು ಹಿಂದೆ. ನಾವು ಮುಂದಿನ ಸಾಲು ಮುಟ್ಟುವುದರೊಳಗೆ ಯಾರೋ ಕೇಳಿದರು.

"ಏನು, ಇಳಿಸ್ತಾರಾ?"

ಪ್ರಶ್ನೆ ಸಾಲಿನಿಂದ ಸಾಲಿಗೆ ಹಬ್ಬಿತು. "ಇಳಿಸಿದ್ರೆ ಮತ್ತೆ ತೂತು ತಾನೆ?" "ಇಷ್ಟು ಒಳ್ಳೇ ಸಿನಿಮಾ!" "ನಮ್ಮ ಮಕ್ಕಳು ಏನು ನೋಡ್ಬೇಕು, ತೂತಾ?" ಇಂದುಧರ ಎದ್ದು ಓಡಿ ಪರದೆಯ ಮುಂದೆ ನಿಂತ. ಅವನ ಹುಡುಗರು ಅವನ ಪಕ್ಕ ನಿಂತರು. ಆಮೇಲೆ ನಂಜುಂಡ. ಆಮೇಲೆ, ನನ್ನ ಕಣ್ಣು ನಾನೇ ನಂಬಲಿಲ್ಲ, ಸುಲೋಚನಕ್ಕ. ಒಬ್ಬರ ಕೈ ಒಬ್ಬರು ಹಿಡಿದುಕೊಂಡರು.

"ದಾರಿ ಬಿಡು ಸುಲೋಚನ," ಎಂದಳು ಚಿಕ್ಕಮ್ಮ.

"ಒಂದ್ಸಲ ನೀನೂ ನೋಡೇ, ಚಂಪಕಾ," ಎಂದಳು ಅವಳು ಅಳುತ್ತಾ. "ಒಂದ್ಸಲ ತಿರುಗಿ ನೋಡು. ಎಷ್ಟು ಚೆನ್ನಾಗಿದಾರೆ ಅಲ್ಲಿ."

"ಚಂಪಕಕ್ಕ, ನಾವು ಅವರ ಶತ್ರುಗಳಲ್ಲ," ಎಂದ ಇಂದುಧರ. "ಇವತ್ತಿಂದ ನಾವೇ ಅವರ ಸಂಘ. ಕಟೌಟು ನಿಲ್ಲಿಸ್ತೀವಿ. ಊರಿಗೆ ಊರೇ ದಿನಾ ಬರುತ್ತೆ. ಅವರನ್ನ ಗಿರಣಿ ಚೀಲಕ್ಕೆ ಹೆಸರು ಬರಿಯೋಕೆ ಕರ್ಕೊಂಡು ಹೋಗ್ತೀರಾ? ಇಂಥವ್ರನ್ನ?"

ಪರದೆಯ ಮೇಲೆ ಬಸ್ಸು ಆಕಾಶದಂಚಿನಲ್ಲಿ ನಿಂತಿತ್ತು. ಕಂಡಕ್ಟರ್ ಫುಟ್‌ಬೋರ್ಡಿಗೆ ಬಂದು ಹೊರಗೆ ನೋಡಿದರು. ಬಾಯಲ್ಲಿ ಸೀಟಿ ಇತ್ತು. ಅದನ್ನು ಊದಿದರೆ ಬಸ್ಸು ಹೊರಡುತ್ತದೆ, ಶುಭಂ ಬರುತ್ತದೆ. ಶುಭಂ ಬಂದಮೇಲೆ ಇಳಿಸಿಕೊಳ್ಳುವ ಹಾಗಿಲ್ಲ. ಮೇಲಿನಿಂದ ಝಕರಿಯಾ ಕೂಗಿದ. "ರೀಲು ಮುಗೀತಾ ಬಂತು! ಏನ್ ಮಾಡ್ತೀರೋ ಬೇಗ ಮಾಡಿ!"

ಪಂಪಾಪತಿ ಮೇಷ್ಟ್ರು ಕೋಲೂರಿಕೊಂಡು ಆ ಕೈಗಳ ಸರಪಳಿಯ ನಡುವಿನಿಂದ ಬಂದರು. ನಾನು ಅವರನ್ನು ನಂಬಿದ್ದೆ. ಅವರ ಮುಖ ಒದ್ದೆಯಾಗಿತ್ತು.

"ಚಂಪಕಾ, ನನ್ನ ಮಾತು ಕೇಳು ತಾಯಿ," ಎಂದರು. "ಇವತ್ತು ಇಳಿಸಿಕೊಳ್ತೀಯ, ಸರಿ. ಮುಂದಿನ ವರ್ಷ? ಮತ್ತೆ ತೂತು, ಮತ್ತೆ ಹತ್ತನೇದು, ಮತ್ತೆ ಹನ್ನೊಂದು. ಪ್ರತಿ ವರ್ಷ ಹೀಗೆ ಒಳಗೆ ಕಳಿಸಿ ಎಳ್ಕೊಳ್ತೀಯಾ? ಅವನ ಗೆರೆ ನೋಡಿದ್ದೀಯಾ, ಎಷ್ಟು ಸವೆದಿದೆ? ಆ ಆನೆಮರಿ ಹಾಗೆ ಆಗ್ಬೇಕಾ? ಅಲ್ಲಿದ್ರೆ ಅವನು ಅಳಿಯೋದೇ ಇಲ್ಲ. ನಾನು ಐವತ್ತು ವರ್ಷ ಗೆರೆ ಎಳೆದೋನು, ಇಷ್ಟು ಒಳ್ಳೇ ಗೆರೆ ನೋಡಿಲ್ಲ."

ಮೇಷ್ಟ್ರು ಜೇಬಿನಿಂದ ಏನೋ ತೆಗೆದರು. ಮೊದಲನೇ ಸಾಲಿನ ನಡು ಕುರ್ಚಿಯ ಹಿತ್ತಾಳೆ ಬಿಲ್ಲೆ. ಊರಿನಲ್ಲಿ ಅದು ಸಮಿತಿಯ ಹಿರಿಯರಿಗೆ ಮಾತ್ರ. ಅದನ್ನು ಎರಡೂ ಕೈಯಲ್ಲಿ ಅವಳ ಮುಂದೆ ಹಿಡಿದರು.

"ನನ್ನ ಕುರ್ಚಿ. ಇನ್ನು ನಿಂದು, ಬದುಕಿರೋವರೆಗೂ. ದಿನಾ ಎಲ್ಲಾ ಆಟಕ್ಕೂ ಬಾ. ಅವನು ಇಲ್ಲೇ ಇರ್ತಾನೆ, ಕೈಗೆಟುಕೋ ದೂರದಲ್ಲಿ. ಹೀಗೇ ಇರ್ತಾನೆ, ವಯಸ್ಸಾಗಲ್ಲ. ಊರಿನಲ್ಲಿ ಯಾವ ಹೆಂಡ್ತಿಗೆ ಸಿಕ್ಕಿದೆ ಹೇಳು ಇಂಥ ಭಾಗ್ಯ?"

ಆ ಕ್ಷಣ ನನಗೂ ಅನ್ನಿಸಿತು. ಅಡಗಿಸಿ ಪ್ರಯೋಜನವಿಲ್ಲ. ನಾನು ಮೇಲೆ ನೋಡಿದೆ, ಆ ದಪ್ಪ ಗೆರೆಯ, ಭಾರವಿರುವ, ಯಾರನ್ನೂ ಹೆದರಿಸದ ಮುಖವನ್ನು ನೋಡಿದೆ, ಕಾಗೆಗೆ ಕೊಟ್ಟ ಟಿಕೇಟು ನೆನಪಾಯಿತು, ಅವರು ಅಲ್ಲೇ ಇರಲಿ ಎಂದು ನನ್ನೊಳಗೆ ಏನೋ ಹೇಳಿತು. ಚಿಕ್ಕಮ್ಮ ತಿರುಗಿ ನನ್ನನ್ನು ನೋಡಿದಳು.

"ನೀನೂನಾ ತುಂಗಾ?" ಎಂದಳು.

ಅವಳು ನನ್ನ ಉತ್ತರಕ್ಕೆ ಕಾಯಲಿಲ್ಲ.

ಪರದೆಯ ಮೇಲೆ ಸೀಟಿ ಊದುವ ಹೊತ್ತು ಕಳೆದಿತ್ತು. ಝಕರಿಯಾ ಮತ್ತೆ ಕೂಗಿದ, ಈ ಸಲ ದನಿಯಲ್ಲಿ ಬೇರೆ ಏನೋ ಇತ್ತು: "ಅರೇ, ಇದು ಫಿಲ್ಮಲ್ಲಿಲ್ಲ! ಇಷ್ಟು ಹೊತ್ತು ನಿಲ್ಲೋದು ಫಿಲ್ಮಲ್ಲೇ ಇಲ್ಲ!" ಕಂಡಕ್ಟರ್ ಬಾಯಿಂದ ಸೀಟಿ ತೆಗೆದಿದ್ದರು. ಎಡಗೈ ಜೋತುಬಿದ್ದ ಜೇಬಿನೊಳಗಿತ್ತು. ಅವರು ಕಬ್ಬಿಣದ ಕಲ್ಲನ್ನು ಹೊರಗೆ ತೆಗೆದು, ನಾಲ್ಕು ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಇದು ಯಾರದೋ ಬಿಟ್ಟುಹೋದ ಲಗೇಜು ಎನ್ನುವಂತೆ, ಯಾರದೆಂದು ಕೇಳಬೇಕು ಎನ್ನುವಂತೆ, ಕತ್ತು ಬಗ್ಗಿಸಿ ಕತ್ತಲೆಯ ಹಾಲಿನ ಕಡೆ ನೋಡತೊಡಗಿದರು.

ಚಿಕ್ಕಮ್ಮ ಮೇಲೆ ನೋಡಲಿಲ್ಲ. ಮೇಷ್ಟ್ರ ಅಂಗೈಯಲ್ಲಿ ಹೊಳೆಯುತ್ತಿದ್ದ ಬಿಲ್ಲೆಯನ್ನು ನೋಡಿದಳು, ಚೀಲದೊಳಗಿನ ಕಾಳು ನೋಡುವ ಹಾಗೆ, ಹುಳ ಬಿದ್ದಿದೆಯೋ ಇಲ್ಲವೋ ಎಂದು. ರಾಗಿ ಮೂಟೆ ಎಳೆಯುವ ಮುಂಚೆ ಮಾಡುವ ಹಾಗೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಬೇಡ ಮೇಷ್ಟ್ರೇ," ಎಂದಳು. "ನಾನು ಸಿನಿಮಾ ನೋಡೋಳಲ್ಲ."